ನರಕೋಶದ ಕಾವಲು ಗದ್ದೆಯ ಬದುವಿನಿಂದ

ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗುವುದು ಮನೆಯವರ ಕಣ್ಣಿಗೆ ಬೀಳುವ ಹೊತ್ತಿಗೆ ಮಿದುಳಿನೊಳಗೆ ಅರ್ಧ ಆಟ ಮುಗಿದಿರುತ್ತದೆ. ಮಿದುಳುಕಾಂಡದ ಮೇಲ್ಭಾಗದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಪಟ್ಟಿಯೊಂದಿದೆ. ಅಲ್ಲಿನ ಕೋಶಗಳು ಡೋಪಮಿನ್ ತಯಾರಿಸಿ ನಮ್ಮ ಚಲನೆಯನ್ನು ಹದದಲ್ಲಿ ಇಡುತ್ತವೆ. ಅವುಗಳಲ್ಲಿ ಅರ್ಧದಷ್ಟೋ ಅದಕ್ಕೂ ಹೆಚ್ಚೋ ಸತ್ತ ಮೇಲೆಯೇ ನಡುಕ, ಬಿಗಿತ, ಕಾಲೆಳೆದು ನಡೆಯುವುದು ಕಾಣಿಸಿಕೊಳ್ಳುತ್ತವೆ. ಎಷ್ಟೋ ವರ್ಷ ಮೊದಲೇ ಮೂಗಿಗೆ ವಾಸನೆ ಹತ್ತದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಶುರುವಾಗಿರಬಹುದು, ಆದರೆ ಅವನ್ನು ಮಿದುಳಿಗೆ ತಳಕು ಹಾಕುವವರು ಕಡಿಮೆ. ನಡುಕ ಬಂದಾಗಲೂ ‘ವಯಸ್ಸಾತು’ ಅಂತಲೋ ‘ವಾತ’ ಅಂತಲೋ ಸುಮ್ಮನಾಗುವುದೇ ಹೆಚ್ಚು. ಹೀಗಿರುವಾಗ ಕೊಪ್ಪಳ ಜಿಲ್ಲೆಯಲ್ಲಿ ನರಕೋಶ ಉಳಿಸುವ ಮಾತು ಎತ್ತುವುದಾದರೆ ಔಷಧದಂಗಡಿಗಿಂತ ಮೊದಲು ಗಂಗಾವತಿಯ ಭತ್ತದ ಗದ್ದೆಗೆ ಹೋಗಬೇಕು ಎಂಬುದು ಈ ಅಧ್ಯಾಯದ ವಾದ.

ಮುಪ್ಪಿಗೆ ಮದ್ದಿಲ್ಲ, ಕೋಶ ಸಾಯುವುದು ಸಹಜ, ಅದರಲ್ಲಿ ಕಾಯುವುದೇನು ಬಂತು ಎನ್ನುವವರಿದ್ದಾರೆ. ಇದಕ್ಕೆ ಉತ್ತರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ. ಉದಯ್ ಮುಥಾನೆ, ಎಸ್.ಕೆ. ಶಂಕರ್ ಮೊದಲಾದವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆಯಿಲ್ಲದೆ ತೀರಿಕೊಂಡವರ ಮಿದುಳಿನ ಈ ಕಪ್ಪು ಕೋಶಗಳನ್ನು ಎಣಿಸಿದರು. ಬ್ರಿಟನ್ನಿನವರ ಮಿದುಳಿಗೆ ಹೋಲಿಸಿದರೆ ನಮ್ಮವರಲ್ಲಿ ಈ ಕೋಶಗಳು ಶೇ. 40ರಷ್ಟು ಕಡಿಮೆ. ಆದರೆ ವಯಸ್ಸು ಏರಿದಂತೆ ಅವು ಇಳಿದದ್ದು ಕಾಣಲಿಲ್ಲ. ಹುಟ್ಟಿನಿಂದ ಬಂದ ದಾಸ್ತಾನೇ ಎಲ್ಲವನ್ನೂ ತೀರ್ಮಾನಿಸುವುದಾಗಿದ್ದರೆ ಪಾರ್ಕಿನ್ಸನ್ ನಮ್ಮಲ್ಲೇ ಹೆಚ್ಚಿರಬೇಕಿತ್ತು. ಬಹುಪಾಲು ಸಮೀಕ್ಷೆಗಳಲ್ಲಿ ಅದು ಪಶ್ಚಿಮದ ದೇಶಗಳಿಗಿಂತ ಕಡಿಮೆಯೇ ಕಂಡಿದೆ. ವಯಸ್ಸು ಕಾಯಿಲೆಯ ಅಪಾಯ ಹೆಚ್ಚಿಸುತ್ತದೆ, ನಿಜ. ಆದರೆ ಬರೀ ವಯಸ್ಸಾದ ಮಾತ್ರಕ್ಕೆ ಈ ಕೋಶಗಳು ಉದುರಲೇಬೇಕೆಂದಿಲ್ಲ. ಅವನ್ನು ಕೊಲ್ಲುವುದು ಬೇರೇನೋ.

ಆ ‘ಬೇರೇನೋ’ದ ಒಂದು ಸುಳಿವು 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿತು. ಕಳ್ಳತನದಲ್ಲಿ ತಯಾರಿಸಿದ ಮಾದಕ ವಸ್ತು ಚುಚ್ಚಿಕೊಂಡ ಕೆಲವು ಯುವಕರು ಕೆಲವೇ ದಿನಗಳಲ್ಲಿ ಮುದುಕರ ಪಾರ್ಕಿನ್ಸನ್‌ನಂತೆ ಮರಗಟ್ಟಿ ಕೂತರು. ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ಹುಡುಕಿದಾಗ, ಆ ಪುಡಿಯಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ವಸ್ತು ಇದಕ್ಕೆ ಕಾರಣವೆಂದು ಗೊತ್ತಾಯಿತು. ದೇಹದೊಳಗೆ ಅದು ಬದಲಾಗಿ ಹುಟ್ಟುವ ವಿಷ ಡೋಪಮಿನ್ ಕೋಶವನ್ನೇ ಹೊಕ್ಕು, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯವನ್ನು ಕಟ್ಟಿಹಾಕುತ್ತದೆ. ಈ ವಿಷದ ಅಣುರಚನೆ ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು ಬಹುಮಟ್ಟಿಗೆ ಹೋಲುತ್ತದೆ. ಪ್ಯಾರಾಕ್ವಾಟ್ ಕೆಲಸ ಮಾಡುವ ದಾರಿ ಪೂರ್ತಿ ಅದೇ ಅಲ್ಲ. ಅದು ಕೋಶದಲ್ಲಿ ಆಮ್ಲಜನಕದ ಉಗ್ರ ರೂಪಗಳನ್ನು ಹುಟ್ಟಿಸಿ ಒಳಗಿನಿಂದ ಸುಡುತ್ತದೆ. ರೋಟಿನೋನ್ ಎಂಬ ಕೀಟನಾಶಕ ಮಾತ್ರ ನೇರವಾಗಿ ಮೈಟೊಕಾಂಡ್ರಿಯಕ್ಕೇ ಕೈ ಹಾಕುತ್ತದೆ. 2000ರಲ್ಲಿ ಇಲಿಗಳಿಗೆ ಅದನ್ನು ನಿಧಾನವಾಗಿ ಕೊಟ್ಟಾಗ ಅವುಗಳ ಡೋಪಮಿನ್ ಕೋಶಗಳು ಸತ್ತು ಪಾರ್ಕಿನ್ಸನ್ ಲಕ್ಷಣಗಳು ಬಂದವು.

ಇಲಿಯ ಮಾತು ಬಿಡಿ, ರೈತರ ಲೆಕ್ಕ ನೋಡೋಣ. ಅಮೆರಿಕದ ಕೃಷಿ ಕುಟುಂಬಗಳಲ್ಲಿ ನಡೆದ ಅಧ್ಯಯನವೊಂದರ ಫಲಿತಾಂಶ 2011ರಲ್ಲಿ ಬಂತು. ಪ್ಯಾರಾಕ್ವಾಟ್ ಅಥವಾ ರೋಟಿನೋನ್ ಬಳಸಿದವರಲ್ಲಿ ಪಾರ್ಕಿನ್ಸನ್ ಕಾಯಿಲೆ, ಬಳಸದವರಿಗಿಂತ ಸುಮಾರು ಎರಡೂವರೆ ಪಟ್ಟು ಕಂಡಿತು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಅದೇ ಜನರ ಮೇಲೆ 2015ರಲ್ಲಿ ಬಂದ ಮುಂದಿನ ವರದಿ: ಕೈಗವಸನ್ನು ಬಹುತೇಕ ಹಾಕಿಕೊಂಡವರಲ್ಲಿ ಪ್ಯಾರಾಕ್ವಾಟಿನ ಈ ನಂಟು ಕಾಣಲಿಲ್ಲ, ಅಪರೂಪಕ್ಕೆ ಹಾಕಿದವರಲ್ಲೂ ಹಾಕದವರಲ್ಲೂ ಕಂಡಿತು. ಈಗ ನಮ್ಮ ಕಡೆ ಎಣ್ಣಿ, ಅಂದರೆ ಕೀಟನಾಶಕ-ಕಳೆನಾಶಕ, ಹೊಡೆಯುವ ಬಗೆ ನೋಡಿ. ಬಾಟಲಿಯ ಮುಚ್ಚಳವೇ ಅಳತೆ, ಬರಿಗೈಯಲ್ಲೇ ಸುರುವಿ ಬೆರೆಸುವುದು, ಬಾಯಿಗೆ ಟವೆಲ್, ಬೆನ್ನ ಮೇಲಿನ ಟ್ಯಾಂಕಿನಿಂದ ಅಂಗಿಯ ಮೇಲೆ ಜಿನುಗುವ ದ್ರಾವಣ, ನಾಜಲ್ ಕಟ್ಟಿದರೆ ಬಾಯಿಂದ ಊದಿ ಬಿಡಿಸುವುದು. ನೀರು ಬೆರೆಸುವ ಮುಂಚಿನ ಗಟ್ಟಿ ದ್ರಾವಣವೇ ಹೆಚ್ಚು ಅಪಾಯದ್ದು, ಅದನ್ನು ಮುಟ್ಟುವುದು ಕೈ. ಹಾಗಾಗಿ ದಪ್ಪ ರಬ್ಬರ್ ಕೈಗವಸು ಇಲ್ಲಿ ಅಲಂಕಾರವಲ್ಲ. ಬಟ್ಟೆಯ ಗ್ಲೌಸು ಹಾಕುವುದಕ್ಕಿಂತ ಬರಿಗೈಯೇ ವಾಸಿ ಎನ್ನಬಹುದು, ಯಾಕೆಂದರೆ ಬಟ್ಟೆ ವಿಷವನ್ನು ಹೀರಿ ಚರ್ಮಕ್ಕೆ ಅಂಟಿಸಿಯೇ ಇಡುತ್ತದೆ.

ಅಮೆರಿಕದ ಲೆಕ್ಕ ನಮ್ಮ ಜಿಲ್ಲೆಯ ಕಾರಟಗಿಗೆ ಹೇಗೆ ಒಪ್ಪುತ್ತದೆ, ಜೊತೆಯಲ್ಲಿ ಕಂಡದ್ದೆಲ್ಲ ಕಾರಣವಾಗುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಒಂದೇ ಅಧ್ಯಯನದ ಮೇಲೆ ನಿಂತಿದ್ದರೆ ಈ ವಾದ ಕುಸಿಯುತ್ತಿತ್ತು. ಆದರೆ ಮನುಷ್ಯರಲ್ಲಾದ ಆಕಸ್ಮಿಕ, ಪ್ರಾಣಿಗಳ ಪ್ರಯೋಗ, ರೈತರ ಸಮೀಕ್ಷೆ, ಕೈಗವಸಿನ ಫಲಿತಾಂಶ ನಾಲ್ಕೂ ಒಂದೇ ಕಡೆಗೆ ಬೆರಳು ತೋರಿಸುತ್ತಿವೆ. ಮೈಟೊಕಾಂಡ್ರಿಯಕ್ಕೆ ಊರು-ದೇಶದ ಭೇದವಿಲ್ಲ. ಪ್ಯಾರಾಕ್ವಾಟ್ ಯುರೋಪ್ ಒಕ್ಕೂಟದಲ್ಲಿ 2007ರಲ್ಲೇ ಹೋಯಿತು, ಕೇರಳ 2011ರಲ್ಲಿ ನಿಷೇಧಿಸಿತು. ಫ್ರಾನ್ಸ್ 2012ರಲ್ಲಿ ಪಾರ್ಕಿನ್ಸನ್ ಕಾಯಿಲೆಯನ್ನು ಕೀಟನಾಶಕ ಬಳಸುವ ರೈತರ ವೃತ್ತಿಜನ್ಯ ರೋಗವೆಂದೇ ಒಪ್ಪಿಕೊಂಡಿತು. ಇದೇ ಜಿಲ್ಲೆಯ, ಕಾಲುವೆ ನೀರಿಲ್ಲದ ಕುಷ್ಟಗಿ, ಯಲಬುರ್ಗಾದಲ್ಲೂ ನಡುಕದವರಿದ್ದಾರಲ್ಲ ಎಂದರೆ, ಇದ್ದಾರೆ. ಕಾರಣ ಒಂದೇ ಎಂದು ಯಾರೂ ಹೇಳುತ್ತಿಲ್ಲ. ವಂಶವಾಹಿ, ವಯಸ್ಸು, ತಲೆಗೆ ಬಿದ್ದ ಪೆಟ್ಟು ಎಲ್ಲವೂ ಸೇರುತ್ತವೆ. ಮೇಲಾಗಿ ಎರೆಹೊಲದ ಜೋಳಕ್ಕೆ ಎಣ್ಣಿ ಕಡಿಮೆಯಾದರೂ ಕುಷ್ಟಗಿಯ ದಾಳಿಂಬೆ ತೋಟಕ್ಕೆ ಕಡಿಮೆಯಲ್ಲ.

ಕೂಲಿಯಾಳು ಸಿಗದ ಕಾಲದಲ್ಲಿ ಕಸ ಕೀಳುತ್ತಾ ಕೂತರೆ ಬೇಸಾಯ ಮಾಡಿದ ಹಾಗೇ ಎಂಬುದು ಎಲ್ಲಕ್ಕಿಂತ ಗಟ್ಟಿ ಆಕ್ಷೇಪ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿಯ ಸುತ್ತ ಎರಡು ಬೆಳೆ ಭತ್ತ ನಿಂತದ್ದು ಗೊಬ್ಬರ, ಎಣ್ಣಿ ಎರಡರ ಮೇಲೂ ಹೌದು. ಎಲ್ಲವನ್ನೂ ನಿಲ್ಲಿಸಿ ಎನ್ನುವುದು ಊರ ಹೊರಗೆ ಕೂತವರ ಮಾತು. ಆದರೆ ಹೊಡೆಯುವ ಎಣ್ಣಿಯಲ್ಲಿ ಒಂದು ಪಾಲು ನಮ್ಮ ಕೈಯಿಂದಲೇ ಹುಟ್ಟಿದ ಅಗತ್ಯ. ಯೂರಿಯಾ ಮಿತಿಮೀರಿದರೆ ಭತ್ತದ ತೆಂಡೆ ರಸತುಂಬಿ ಕಂದು ಜಿಗಿಹುಳು ಮುತ್ತುತ್ತದೆ. ಅದಕ್ಕೆ ತಕ್ಷಣ ಸಿಕ್ಕಿದ್ದನ್ನೆಲ್ಲ ಹೊಡೆದರೆ ಹುಳುವನ್ನು ತಿನ್ನುವ ಜೇಡಗಳೂ ಸಾಯುತ್ತವೆ, ಕೆಲವೇ ವಾರಗಳಲ್ಲಿ ಜಿಗಿಹುಳು ಇನ್ನಷ್ಟು ಜೋರಾಗಿ ಮರಳುತ್ತದೆ. ಯೂರಿಯಾ ಕಡಿತ, ಗದ್ದೆಯ ನೀರನ್ನು ಆಗಾಗ ಬಸಿದು ಒಣಗಿಸುವುದು, ಹುಳು ಎಣಿಸಿ ನೋಡಿದ ಮೇಲಷ್ಟೇ ಔಷಧ, ಇವು ಹೊಸ ವಿದ್ಯೆಯೇನಲ್ಲ. ನಾಟಿಗೆ ಮುಂಚೆ ಕಸ ಸುಡಲು ಪ್ಯಾರಾಕ್ವಾಟ್ ಬೇಕೇ ಬೇಕೆಂದೂ ಇಲ್ಲ. ಎರಡು ಸಲ ಕೆಸರು ಉಳುಮೆ ಮಾಡಿ ನೀರು ನಿಲ್ಲಿಸಿದರೆ ಬಹಳಷ್ಟು ಕಸ ಅಲ್ಲೇ ಕೊಳೆಯುತ್ತದೆ, ಸಾಲು ನಾಟಿಯಾದರೆ ಕೋನೋ ವೀಡರ್ ಎಂಬ ಕಳೆಯಂತ್ರ ಆಡಿಸಬಹುದು.

ಇಷ್ಟೆಲ್ಲ ಯಾಕೆ, ಕೋಶ ಕಾಯುವ ಮಾತ್ರೆಯೇ ಬರಬಹುದಲ್ಲ? ಬರಲಿ. ಇಲ್ಲಿಯವರೆಗಿನ ಚರಿತ್ರೆ ಮಾತ್ರ ಉತ್ಸಾಹ ತಗ್ಗಿಸುವಂಥದ್ದು. ಇ ವಿಟಮಿನ್ ಸೋತಿತು, ಕೋಎನ್‌ಜೈಮ್ ಕ್ಯೂ10 2014ರಲ್ಲಿ, ಕ್ರಿಯಾಟಿನ್ 2015ರಲ್ಲಿ, ರಕ್ತದೊತ್ತಡದ ಇಸ್ರಾಡಿಪಿನ್ 2020ರಲ್ಲಿ, ಸಕ್ಕರೆ ಕಾಯಿಲೆಯ ಎಕ್ಸೆನಟೈಡ್ 2025ರಲ್ಲಿ. ಕೋಶ ಸಾಯುವುದನ್ನು ತಡೆಯುತ್ತದೆಂದು ಸಾಬೀತಾದ ಔಷಧ ಇನ್ನೂ ಇಲ್ಲ. ನಮ್ಮ ನಸುಗುನ್ನಿ ಬೀಜದ ಹೆಸರು ಇಲ್ಲಿ ಬರಲೇಬೇಕು. ಪಾರ್ಕಿನ್ಸನ್‌ಗೆ ಮಾತ್ರೆಯಾಗಿ ಕೊಡುವ ಲೆವೊಡೋಪಾ ಅದರಲ್ಲಿ ಇರುವುದನ್ನು ಭಾರತೀಯ ವಿಜ್ಞಾನಿಗಳು 1937ರಲ್ಲೇ ತೋರಿಸಿದ್ದರು. ಅದು ಕಡಿಮೆಯಾದ ಡೋಪಮಿನ್ನನ್ನು ತುಂಬಿಕೊಡುತ್ತದೆ, ಹಾಗಾಗಿ ನಡುಕ ತಗ್ಗುವುದುಂಟು. ಆದರೆ ಕೋಶ ಉಳಿಸುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಒಂದೊಂದು ಬೀಜದಲ್ಲೂ ಪ್ರಮಾಣ ಬೇರೆ, ಅಳತೆಯಿಲ್ಲದೆ ಪುಡಿ ನುಂಗಿದರೆ ಮಾತ್ರೆಯ ಜೊತೆ ಸೇರಿ ಹೆಚ್ಚಾಗುವ ಅಪಾಯವೂ ಇದೆ.

ಕಾಯಿಲೆ ಬಂದಾಗಿರುವವರಿಗೆ ಕೈಗವಸಿನ ಉಪದೇಶ ತಡವಾದದ್ದು. ಅವರಲ್ಲಿ ಒಂದು ಭಯ ಸಾಮಾನ್ಯ: ಲೆವೊಡೋಪಾ ಬೇಗ ಶುರುಮಾಡಿದರೆ ಮಿದುಳು ಕೆಡುತ್ತದೆ, ಆದಷ್ಟು ಮುಂದೂಡೋಣ. ನೆದರ್ಲೆಂಡ್ಸ್‌ನ 2019ರ ಪ್ರಯೋಗದಲ್ಲಿ ಕೆಲವರಿಗೆ ಕೂಡಲೇ, ಕೆಲವರಿಗೆ 40 ವಾರ ತಡವಾಗಿ ಈ ಮಾತ್ರೆ ಕೊಟ್ಟರು. 80ನೇ ವಾರಕ್ಕೆ ಎರಡೂ ಗುಂಪಿನವರು ಒಂದೇ ಮಟ್ಟದಲ್ಲಿದ್ದರು. ಮಾತ್ರೆ ಕೋಶ ಕಾಯಲೂ ಇಲ್ಲ, ಕೊಲ್ಲಲೂ ಇಲ್ಲ. ಸುಮ್ಮನೆ ನರಳುವುದರಿಂದ ಲಾಭವಿಲ್ಲ. ವ್ಯಾಯಾಮದ ಬಗ್ಗೆ ಆಸೆ ಇಡಬಹುದು. 2018ರಲ್ಲಿ ಪ್ರಕಟವಾದ, 128 ಜನರ ಪ್ರಯೋಗವೊಂದರಲ್ಲಿ ಏದುಸಿರು ಬರುವಷ್ಟು ಬಿರುಸಾಗಿ ಟ್ರೆಡ್‌ಮಿಲ್ ಮೇಲೆ ನಡೆದವರ ಲಕ್ಷಣಗಳು ಆರು ತಿಂಗಳಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಉಳಿದವು, ಉಳಿದವರವು ಮುಂದುವರಿದವು. ಜೀವನವಿಡೀ ಹೊಲದಲ್ಲಿ ದುಡಿದವರಿಗೆ ಇದು ನಗೆಯ ಮಾತಾಗಿ ಕೇಳಿಸಬಹುದು. ಆದರೆ ಕಾಯಿಲೆ ಗೊತ್ತಾದ ಕೂಡಲೇ ಹಿರಿಯರನ್ನು ಕಟ್ಟೆಯ ಮೇಲೆ ಕೂರಿಸಿ ‘ನೀ ಏನೂ ಮಾಡಬ್ಯಾಡ’ ಎನ್ನುವ ಪ್ರೀತಿ ಅವರಿಗೆ ಒಳ್ಳೆಯದು ಮಾಡುತ್ತಿಲ್ಲ.

ಇನ್ನು ಕೈಗವಸನ್ನು ಯಾರು ಕೊಳ್ಳಬೇಕು ಎಂಬ ಪ್ರಶ್ನೆ. ಎಣ್ಣಿ ಹೊಡೆಯುವವರು ಹೊಲದ ಒಡೆಯರೇ ಆಗಿರಬೇಕೆಂದಿಲ್ಲ. ಎಷ್ಟೋ ಕಡೆ ಕೂಲಿಯವರು, ಒಂದೇ ಹಂಗಾಮಿನಲ್ಲಿ ಹತ್ತಾರು ಜನರ ಗದ್ದೆಯಲ್ಲಿ ಹೊಡೆಯುವವರು. ವಿಷದ ಪಾಲು ಅವರ ಮೈಮೇಲೇ ಹೆಚ್ಚು, ಕಾಯಿಲೆ ಬರುವುದು ಇಪ್ಪತ್ತು ಮೂವತ್ತು ವರ್ಷ ಕಳೆದು, ಆಗ ಯಾವ ಗದ್ದೆಯ ಲೆಕ್ಕ ಕೇಳುವುದು? ಕೀಟನಾಶಕ ಕಾಯ್ದೆ ಬಂದದ್ದು 1968ರಲ್ಲಿ. ಸಿಂಪಡಿಸುವವರಿಗೆ ರಕ್ಷಣಾ ಉಡುಪು ಇರಬೇಕೆಂದು 1971ರ ನಿಯಮಾವಳಿ ಹೇಳುತ್ತದೆ. ಎಣ್ಣಿ ಮಾರುವ ಅಂಗಡಿಯಲ್ಲಿ ಬಾಟಲಿಯ ಜೊತೆ ಒಂದು ಜೊತೆ ರಬ್ಬರ್ ಕೈಗವಸು ಕೊಡದೆ ಬಿಲ್ ಹರಿಯಬಾರದು ಎಂದು ಕೃಷಿ ಇಲಾಖೆ ಪಟ್ಟು ಹಿಡಿದರೆ, ಅದರ ಬೆಲೆ ಎಣ್ಣಿಯ ಬೆಲೆಯಲ್ಲಿ ಚಿಲ್ಲರೆ.