ಹಣತೆ ಉರಿಯುವಷ್ಟು ಹೊತ್ತು

ಯೆಹೂದ್ಯರ ಹನುಕ್ಕಾ ಚಳಿಗಾಲದ ಎಂಟು ರಾತ್ರಿಗಳ ದೀಪದ ಹಬ್ಬ. ಕ್ರಿ.ಪೂ. 164ರಲ್ಲಿ ಮಕ್ಕಬಿಯರು ಜೆರುಸಲೇಮಿನ ದೇಗುಲವನ್ನು ಸೆಲ್ಯೂಸಿಡ್ ದೊರೆಯ ವಶದಿಂದ ಬಿಡಿಸಿಕೊಂಡು ಶುದ್ಧಗೊಳಿಸಿದ ನೆನಪು ಅದು. ಒಂದು ದಿನದ ಎಣ್ಣೆ ಎಂಟು ದಿನ ಉರಿಯಿತೆಂಬ ಕಥೆ ತಾಲ್ಮುದ್‌ನಲ್ಲಿದೆ. ಮಕ್ಕಬಿಯರ ಗ್ರಂಥಗಳಲ್ಲಿ ಅದರ ಸುಳಿವಿಲ್ಲ. ಮಕ್ಕಳಿಗೇನೋ ಎಣ್ಣೆಯ ಕಥೆಯೇ ಬೇಕು.

ಮೊದಲ ರಾತ್ರಿ ಒಂದು ದೀಪ, ಮರುರಾತ್ರಿ ಎರಡು. ಅವನ್ನು ಹಚ್ಚುವ ‘ಶಮಾಶ್’ ಬೇರೆ. ಒಟ್ಟು 44 ಮೇಣದಬತ್ತಿ ಬೇಕೆಂಬ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು. ಈ ಬೆಳಕಿನಲ್ಲಿ ಓದುವಂತಿಲ್ಲ, ಹೊಲಿಯುವಂತಿಲ್ಲ, ಸುಮ್ಮನೆ ನೋಡಬೇಕು. ದೀಪ ಉರಿಯುವ ಕನಿಷ್ಠ ಅರ್ಧ ಗಂಟೆ ಹೆಂಗಸರು ಕೆಲಸ ಮುಟ್ಟಬಾರದೆಂಬ ವಾಡಿಕೆಯೂ ಉಂಟು. ಅಮ್ಮ ಒಲೆ ಬಿಟ್ಟು ಪಕ್ಕದಲ್ಲಿ ಕೂರುವುದೇ ಮಕ್ಕಳಿಗೆ ದೊಡ್ಡ ಉಡುಗೊರೆ ಅಲ್ಲವೆ?

ಆಗ ‘ಡ್ರೈಡಲ್’ ಎಂಬ ನಾಲ್ಕು ಮುಖದ ಬುಗುರಿ ಹೊರಬರುತ್ತದೆ. ಮುಖಕ್ಕೊಂದು ಹೀಬ್ರೂ ಅಕ್ಷರ. ‘ಗಿಮೆಲ್’ ಬಿದ್ದರೆ ನಡುವೆ ಇಟ್ಟ ಬೀಜ, ಕಾಸೆಲ್ಲ ಆಡಿದವರದು, ‘ಹೇ’ಗೆ ಅರ್ಧ, ‘ನೂನ್’ಗೆ ಏನೂ ಇಲ್ಲ, ‘ಶಿನ್’ ಬಿದ್ದರೆ ತಾನೇ ಒಂದು ಇಡಬೇಕು. ‘ಅಲ್ಲಿ ದೊಡ್ಡ ಪವಾಡ ನಡೆಯಿತು’ ಎಂಬ ಹೀಬ್ರೂ ಮಾತಿನ ಮೊದಲಕ್ಷರಗಳಿವು. ಇಸ್ರೇಲಿನ ಬುಗುರಿಯಲ್ಲಿ ಮಾತ್ರ ‘ಶಿನ್’ ಬದಲು ‘ಪೇ’ ಇರುತ್ತದೆ. ಅವರಿಗೆ ಪವಾಡ ನಡೆದದ್ದು ‘ಇಲ್ಲಿ’!

ಅಮೆರಿಕದಲ್ಲಿ ಕ್ರಿಸ್‌ಮಸ್ ಪಕ್ಕದಲ್ಲೇ ಬರುವುದರಿಂದ ರಾತ್ರಿಗೊಂದು ಉಡುಗೊರೆ ಎಂಬ ಹಠ ಬೆಳೆದಿದೆ. ಹಿಂದೆ ಮಕ್ಕಳ ಕೈಗೆ ಬರುತ್ತಿದ್ದುದು ‘ಗೆಲ್ಟ್’ ಎಂಬ ಚಿಲ್ಲರೆ ಕಾಸು. ಹೀಗಾಗಿ ಕೆಲವು ಮನೆಗಳು ಒಂದು ರಾತ್ರಿಯನ್ನು ಕೊಡುವುದಕ್ಕೇ ಮೀಸಲಿಟ್ಟಿವೆ. ಆ ರಾತ್ರಿಯ ಆಟಿಕೆ ಇಲ್ಲದವರ ಮನೆಗೆ ಹೋಗುತ್ತದೆ; ಆರಿಸಿ ಕೊಡುವವರು ಮಕ್ಕಳೇ.