ಅಂಬಾಸಿಡರ್ ಸೀಟಿಗೆ ಕೊಬ್ಬರಿ ಎಣ್ಣೆ ಬೇಡ ಸ್ವಾಮಿ!

ಶೆಟ್ಟಿಹಳ್ಳಿ: ಬೇಸಿಗೆಯಲ್ಲಿ ಹೇಮಾವತಿ ಹಿನ್ನೀರು ಇಳಿದರೆ ಸಾಕು, ಇಲ್ಲಿನ ಹಳೇ ರೋಸರಿ ಚರ್ಚು ನೋಡಲು ಕಾರುಗಳ ಸಾಲು. ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಈ ಚರ್ಚು ಗೊರೂರು ಅಣೆಕಟ್ಟಿನ ಮುಳುಗಡೆಗೆ ಸೇರಿತು. ಈಗ ಚರ್ಚಿಗೇ ಮಾಡಿಲ್ಲ, ಇನ್ನು ಕಾರಿಗೆ ನೆರಳೆಲ್ಲಿ?

ಆ ಸಾಲಿನಲ್ಲಿ ಒಂದು ಬಿಳಿ ಅಂಬಾಸಿಡರ್. ಹೊರಗೆ ಫಳಫಳ. ಬಾಗಿಲು ತೆಗೆದರೆ ಹಿಂದಿನ ಸೀಟು ಬಿರುಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿದೆ. ಮಾಲೀಕರ ಮುಖ ಸಪ್ಪಗಿತ್ತು. “ನಮ್ಮವ್ವ ಮದುವೆಯಾಗಿ ಬಂದಿದ್ದು ಇದೇ ಸೀಟಲ್ಲಿ ಕಣ್ರೀ. ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ಸಾಕಿದ್ದೆ, ಆದ್ರೂ ಹಿಂಗಾಯ್ತು” ಎಂದರು. ಸೀಟು ಹೊಲಿಯುವವರು ಎಲ್ಲವನ್ನೂ ಕಿತ್ತು ಹೊಸದು ಹಾಕಿ ಅಂದಿದ್ದಾರಂತೆ. ಹೊಸದು ಸಿಗುತ್ತೆ, ಆದರೆ ಅದೇ ಬಣ್ಣ, ಅದೇ ಮಡಿಕೆಯ ಹೊಲಿಗೆ ಸಿಗುವುದು ಕಷ್ಟ. ಪದ್ಮಿನಿ ಕಾರಂತೂ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು.

ಈ ರೆಕ್ಸಿನ್ ಅನ್ನೋದು ಚರ್ಮವಲ್ಲ. ಹೆಸರು ಇಂಗ್ಲೆಂಡಿನ ಒಂದು ಹಳೇ ಕಂಪನಿಯ ಮಾರ್ಕು; ನಮ್ಮ ಕಾರುಗಳಲ್ಲಿರುವುದು ಬಟ್ಟೆಯ ಮೇಲೆ ಬಳಿದ ಪಿ.ವಿ.ಸಿ. ನಿಮ್ಮ ಹೊಲದ ಗಟ್ಟಿ ಪೈಪೂ ಅದೇ ಜಾತಿ. ಪೈಪು ಗಟ್ಟಿ, ಸೀಟು ಮೆತ್ತಗೆ ಯಾಕೆ? ಸೀಟಿನ ಪಿ.ವಿ.ಸಿ.ಗೆ ಎಣ್ಣೆಯಂಥ ಒಂದು ಪದಾರ್ಥ ಬೆರೆಸಿರುತ್ತಾರೆ. ಬಿಸಿಲಿನ ಝಳಕ್ಕೆ ಅದು ಮೆಲ್ಲಗೆ ಹೊರಬರುತ್ತದೆ. ಕಾರಿನ ಮುಂದಿನ ಗಾಜಿಗೆ ಒಳಗಡೆಯಿಂದ ಜಿಡ್ಡು ಮಂಜು ಕಟ್ಟುತ್ತದಲ್ಲ, ಅದರಲ್ಲಿ ಈ ಪದಾರ್ಥವೂ ಇರುತ್ತದೆ. ಅಂದರೆ ಸೀಟಿನ ಜೀವ ಗಾಜಿಗೆ ಅಂಟುತ್ತಿದೆ! ಪಿಯುಸಿ ಅರ್ಧಕ್ಕೆ ಬಿಟ್ಟವನಿಗೂ ಅರ್ಥವಾಗುವ ರಸಾಯನಶಾಸ್ತ್ರ ಇದು.

ಹೋದ ಜೀವವನ್ನು ಕೊಬ್ಬರಿ ಎಣ್ಣೆ ವಾಪಸು ತರುವುದಿಲ್ಲ. ಅದು ಮೇಲೇ ನಿಂತು ರಸ್ತೆ ಧೂಳು ಹಿಡಿಯುತ್ತದೆ, ಕೂತಾಗ ಎದ್ದಾಗ ಆ ಧೂಳು ಮರಳು ಕಾಗದದಂತೆ ಉಜ್ಜುತ್ತದೆ. ತಲೆ ಆನಿಸುವ ಜಾಗ ಮೊದಲು ಗಟ್ಟಿಯಾಗುವುದಕ್ಕೂ ತಲೆಯೆಣ್ಣೆ, ಬೆವರು ಕಾರಣ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಹಾಕಿ ಒರೆಸುವವರಿದ್ದಾರೆ. ಕೊಳೆ ಹೋಗುತ್ತದೆ ನಿಜ, ಮೃದುತನವೂ ಜೊತೆಗೇ ಹೋಗುತ್ತದೆ. ಇನ್ನು ಟೈರಿಗೆ ಬಳಿಯುವ ಪಾಲಿಶನ್ನು ಸೀಟಿಗೆ ಬಳಿದರೆ ಬ್ರೇಕ್ ಹಾಕಿದಾಗ ಕೂತವರು ಜಾರುತ್ತಾರೆ. ಪೆಡಲಿಗೆ ಬಳಿದರಂತೂ ದೇವರೇ ಗತಿ.

ಹಾಗಾದರೆ ಮಾಡೋದೇನು? ಖರ್ಚು ಕಡಿಮೆ. ಮೊದಲು ಒಣ ಬ್ರಷ್ಷಿನಿಂದ ಹೊಲಿಗೆ ಸಂದಿಯ ಧೂಳು ತೆಗೆಯಿರಿ. ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸೌಮ್ಯ ಶಾಂಪೂ. ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ, ಗೆರೆಗಳಿಗೆ ಮೆತ್ತನೆ ಬ್ರಷ್. ಬರೀ ನೀರಿನ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಒಣಬಟ್ಟೆ ಆಡಿಸಿ, ಬಾಗಿಲು ತೆಗೆದು ನೆರಳಲ್ಲಿ ಆರಿಸಿ. ಪೈಪಿನಲ್ಲಿ ನೀರು ಮಾತ್ರ ಬಿಡಬೇಡಿ. ಹೊಲಿಗೆಯೊಳಗೆ ಇಳಿದ ನೀರು ಒಳಗಿನ ಸ್ಪಂಜು, ನಾರಿನಲ್ಲಿ ಕೂತು ನಾರುತ್ತದೆ, ಸ್ಪ್ರಿಂಗಿಗೆ ತುಕ್ಕು. ಬಾಗಿಲ ರೆಕ್ಸಿನ್ ಹಿಂದೆ ರಟ್ಟಿನ ಹಲಗೆ ಇದ್ದರೆ ಉಬ್ಬುತ್ತದೆ.

ಮಳೆಗಾಲದ ಬೂಷ್ಟಿಗೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಬಹುದು. ಮೊದಲು ಸೀಟಿನ ಕೆಳಗೆ ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿ. ಆಮೇಲೆ ಬಿಸಿಲಿನ ನೇರಳಾತೀತ ಕಿರಣ ತಡೆಯುವ, ನೀರಿನಿಂದ ಮಾಡಿದ ವಿನೈಲ್ ದ್ರಾವಣ ಸಿಕ್ಕರೆ ತೆಳ್ಳಗೆ ಹಚ್ಚಿ ಒರೆಸಿಬಿಡಿ. ಎಲ್ಲಕ್ಕಿಂತ ದೊಡ್ಡ ಔಷಧಿ ನೆರಳು. ಗಾಜಿಗೆ ಅಡ್ಡ ಒಂದು ರಟ್ಟಾದರೂ ಇಡಿ.

ಬಿರುಕು ಬಿಟ್ಟ ಸೀಟಿಗೆ? ಅದು ಕೂಡಿಕೊಳ್ಳುವುದಿಲ್ಲ ಸ್ವಾಮಿ. ಹಿಂದಿನಿಂದ ಬಟ್ಟೆ ಕೊಟ್ಟು ವಿನೈಲ್ ಅಂಟಿನಲ್ಲಿ ಹಿಡಿಸಿದರೆ ಇನ್ನಷ್ಟು ಹರಿಯದು, ಅಷ್ಟೇ. ಮಾಲೀಕರಿಗೂ ಅದನ್ನೇ ಹೇಳಿದೆ. ಅವರ ಮುಂದಿನ ಸೀಟು ಇನ್ನೂ ಮೆತ್ತಗಿತ್ತು. ಕೈಯಾಡಿಸಿ ನೋಡಿದರು, ಡಿಕ್ಕಿಯಿಂದ ಹಳೇ ಬೆಡ್‌ಶೀಟು ತಂದು ಅದರ ಮೇಲೆ ಹೊದಿಸಿದರು, ಚರ್ಚು ನೋಡುತ್ತಿದ್ದ ಮಕ್ಕಳನ್ನು ಕೂಗಿ ಕರೆದು ಗಾಡಿಯನ್ನು ಮರ ಇರುವ ಕಡೆಗೆ ತಿರುಗಿಸಿದರು.