ಎರವಲು ಸಾಮಗ್ರಿಯ ಕಾಳಗ

ಯುದ್ಧದಾಟಕ್ಕೆ ರಣರಂಗವನ್ನು ಕಟ್ಟುವವನು ಎಲ್ಲ ಸಲಕರಣೆಯನ್ನೂ ತಾನೇ ತಯಾರಿಸಬೇಕಾಗಿಲ್ಲ. ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ಪ್ರಕಟಿಸಿದ 'ಲಿಟಲ್ ವಾರ್ಸ್' ಇದಕ್ಕೆ ಒಳ್ಳೆಯ ನಿದರ್ಶನ. ಅವನ ಸೈನಿಕರು ಅಂಗಡಿಯಲ್ಲಿ ಕೊಂಡ ಸೀಸದ ಬೊಂಬೆಗಳು. ಫಿರಂಗಿಯೂ ಸ್ಪ್ರಿಂಗಿನ ಬಲದಿಂದ ಮರದ ಗುಂಡನ್ನು ಹಾರಿಸುವ ಆಟಿಕೆ. ಯಾವುದೂ ಅವನ ಆಟಕ್ಕೆಂದು ಹುಟ್ಟಿದ್ದಲ್ಲ. ಬೆಟ್ಟಗುಡ್ಡಗಳಿಗೆ ಮೊದಲು ವಿಶ್ವಕೋಶದ ಸಂಪುಟಗಳೇ ಒದಗಿದವು. (ಗ್ರಂಥಗಳಿಗೆ ಇಂಥ ಉಪಯೋಗವೂ ಉಂಟೆಂಬುದು ಅಧ್ಯಾಪಕನಾದ ನನಗೆ ಹೊಳೆದಿರಲಿಲ್ಲ!) ಅನಂತರ ಆಟದ ಮರದಿಟ್ಟಿಗೆಗಳಿಂದ ಮನೆಗಳೆದ್ದವು; ತೋಟದ ರೆಂಬೆಗಳು ಹಲಗೆಯ ತೂತುಗಳಲ್ಲಿ ನಿಂತು ಕಾಡಾದವು.

ಆದರೆ ಎರವಲು ವಸ್ತು ತನ್ನ ಸ್ವಭಾವವನ್ನೂ ಸಂಗಡ ತರುತ್ತದೆ. ಆ ಫಿರಂಗಿ ಒಂಬತ್ತು ಗಜ ದೂರದ ಬೊಂಬೆಯನ್ನು ಹತ್ತಕ್ಕೆ ಒಂಬತ್ತು ಸಲ ಕೆಡವಬಲ್ಲುದೆಂದು ವೆಲ್ಸನೇ ಹೇಳುತ್ತಾನೆ. ಅಂಕೆಯಿಲ್ಲದೆ ಬಿಟ್ಟರೆ, ಒಂದು ಸರದಿಗೆ ಒಂದೇ ಅಡಿ ನಡೆಯುವ ಪದಾತಿಯ ಗತಿಯೇನು? ಅವನು ಫಿರಂಗಿಯನ್ನು ತಿದ್ದಲಿಲ್ಲ, ನಿಯಮವನ್ನು ಹೊಸೆದನು. ಸ್ವಪಕ್ಷದ ನಾಲ್ವರಾದರೂ ಆರು ಅಂಗುಲದೊಳಗಿದ್ದರೆ ಮಾತ್ರ ಅದು ಗುಂಡು ಹಾರಿಸಬಹುದು. ಸರದಿಗೆ ನಾಲ್ಕು ಗುಂಡು ಮೀರುವಂತಿಲ್ಲ. ಸ್ಥಳ ಬದಲಿಸಿದರೆ ಆ ಸರದಿಯಲ್ಲಿ ಗುಂಡೇ ಇಲ್ಲ. ಕಾವಲಿನವರು ಉರುಳಿದರೆ ಎಂಥ ಗುರಿಕಾರ ಫಿರಂಗಿಯೂ ಮೂಕ. ಅಂಗಡಿಯಿಂದ ಒಟ್ಟಿಗೆ ಕೊಂಡುತಂದ ಬೊಂಬೆಗಳಲ್ಲಿ ಆ ನಾಲ್ವರಿಗೆ ಹೀಗೆ ಬೇರೆಯೇ ಬೆಲೆ ಬಂದಿತು.